ಶಾಲು ಸಾಕು, ಶಾಲೆಗೆ ನಡೆಯಿರಿ



ನಮ್ಮ ಸಭೆಗಳಲ್ಲಿ ಹಿರಿಯರೆಂದರೆ ಮುಂದಿನ ಸಾಲಿನ ಕುರ್ಚಿ, ಹಾರ, ಶಾಲು. ಮಕ್ಕಳೆಂದರೆ ಪ್ರಾರ್ಥನೆ ಹಾಡಿ ಹಿಂದೆ ಹೋಗಿ ಕೂರುವವರು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆದರೂ ಇದನ್ನೇ ಹಿರಿಯ-ಕಿರಿಯರ ಸಮಾಗಮವೆಂದು ವರದಿ ಬರೆಯುತ್ತೇವೆ. ಈ ತೋರಿಕೆಯನ್ನು ನಿಲ್ಲಿಸಬೇಕು.

ನಿಜವಾದ ಸಮಾಗಮ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಬಾಲ್ಟಿಮೋರ್ ನಗರವನ್ನು ನೋಡಿ. ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಅಲ್ಲಿ 'ಎಕ್ಸ್‌ಪೀರಿಯೆನ್ಸ್ ಕೋರ್' ಎಂಬ ಕಾರ್ಯಕ್ರಮ ನಡೆಸಿದರು. 60 ದಾಟಿದವರು ವಾರಕ್ಕೆ 15 ಗಂಟೆ, ಇಡೀ ಶಾಲಾ ವರ್ಷ, ಸರ್ಕಾರಿ ಶಾಲೆಯ 3ನೇ ತರಗತಿವರೆಗಿನ ಮಕ್ಕಳ ಜೊತೆ ಕೂತು ಓದಿಸಬೇಕು. ಮೊದಲು ತರಬೇತಿ. ಒಬ್ಬೊಬ್ಬರಾಗಿ ಅಲ್ಲ, ಶಾಲೆಗೊಂದು ತಂಡ. ಮಕ್ಕಳ ಓದಿಗೆ ನೆರವಾಯಿತು, ಹಿರಿಯರ ನಡಿಗೆ-ಚಟುವಟಿಕೆ ಹೆಚ್ಚಿತು. ಎರಡು ವರ್ಷದ ನಂತರ ತೆಗೆದ ಸ್ಕ್ಯಾನ್‌ಗಳಲ್ಲಿ, ವಯಸ್ಸಾದಂತೆ ಕುಗ್ಗಬೇಕಾದ ಮೆದುಳಿನ ಗಾತ್ರ ಪುರುಷರಲ್ಲಿ ತುಸು ಹೆಚ್ಚಿರುವುದೂ ಕಂಡಿತು.

ಇಂಜಿನಿಯರನಾದ ನನಗೆ ಇಲ್ಲಿ ಮುಖ್ಯವೆನಿಸುವುದು ವ್ಯವಸ್ಥೆ. ಉದ್ಘಾಟನೆಯ ದಿನ ಬಿಟ್ಟ ನೀರಿಗೆ ಯಾವ ಹೊಲವೂ ಬೆಳೆ ಕೊಡುವುದಿಲ್ಲ. ಪಾಳಿ ಪ್ರಕಾರ ಕಾಲುವೆ ಹರಿಯಬೇಕು. ವರ್ಷಕ್ಕೊಂದು ಹಿರಿಯರ ದಿನಾಚರಣೆಯಿಂದ ಮಗು ಓದು ಕಲಿಯುವುದಿಲ್ಲ, ಮುದುಕರ ಒಂಟಿತನವೂ ಹೋಗುವುದಿಲ್ಲ.

"ಕಲಿಸುವುದು ಶಿಕ್ಷಕರ ಕೆಲಸ, ನಮಗೇಕೆ?" ಎನ್ನುವವರಿದ್ದಾರೆ. ನಮ್ಮ ನಲಿ-ಕಲಿ ತರಗತಿಗೆ ಹೋಗಿ ನೋಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತಿರುತ್ತಾರೆ. ಶಿಕ್ಷಕಿ ಒಂದು ಗುಂಪಿನ ಜೊತೆಗಿರುವಾಗ ಇನ್ನೊಂದು ಗುಂಪಿನ ಮಗು ಓದಿದ್ದನ್ನು ಯಾರು ಕೇಳಬೇಕು? ಬೇಕಾಗಿರುವುದು ನಿಮ್ಮ ಪಾಂಡಿತ್ಯವಲ್ಲ, ಕಿವಿ ಮತ್ತು ತಾಳ್ಮೆ. "ಮೊಣಕಾಲು ನೋವು" ಎನ್ನುವವರು ಸನ್ಮಾನದ ವೇದಿಕೆಯ ಮೆಟ್ಟಿಲು ಹತ್ತುವುದನ್ನು ನಾನು ನೋಡಿದ್ದೇನೆ.

ಶಾಲೆ ನಮ್ಮವರದೋ ಅಲ್ಲವೋ, ಮಗು ಯಾವ ಕೇರಿಯದು ಎಂದು ಕೇಳಬೇಡಿ. ಹಾಗೆ ಕೇಳುವವರು ಶರಣರ ಹೆಸರೆತ್ತಬಾರದು.

ಪೂಜ್ಯರಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ಮಠವೂ ಹತ್ತಿರದ ಒಂದು ಸರ್ಕಾರಿ ಶಾಲೆಯನ್ನು ಆರಿಸಿಕೊಂಡು, ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿಯ ಒಪ್ಪಿಗೆ ಪಡೆಯಲಿ. ಹತ್ತು ನಿವೃತ್ತರಿಗೆ, ತಾಯಂದಿರೂ ಸೇರಿದಂತೆ, ತರಬೇತಿ ಕೊಡಿಸಲಿ. ಓದಿಸುವುದು ಶಿಕ್ಷಕರ ಕಣ್ಣೆದುರಿನಲ್ಲೇ ನಡೆಯಲಿ. ಸನ್ಮಾನಿತರ ಪಟ್ಟಿಯ ಬದಲು ವಾರದ ಪಾಳಿ ಪಟ್ಟಿ ಗೋಡೆಗೆ ಬರಲಿ. ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆಗೆ ನನ್ನ ಹೆಸರು ಬರೆದುಕೊಳ್ಳಿ.