ಮುದ್ದೆ ಹೋಟೆಲ್ ಹೊಗಳಿದ್ದು ಸಾಕು, ಜಾಗ ಕೊಡಿ

ಈಗ ಎಲ್ಲರಿಗೂ ಮುದ್ದೆ ಮೇಲೆ ಪ್ರೀತಿ ಬಂದಿದೆ. ಮಾದಪ್ಪನ ಬೆಟ್ಟಕ್ಕೆ ಕಾರಲ್ಲಿ ಹೋಗುವವರು ದಾರಿಯಲ್ಲಿ ಇಳಿದು, ತಟ್ಟೆ ಮೇಲೆ ಮೊಬೈಲ್ ಹಿಡಿದು, ‘ನಾಟಿ ಸ್ಟೈಲ್’ ಅಂತ ರೀಲ್ಸ್ ಬಿಡುತ್ತಾರೆ. ಸಿರಿಧಾನ್ಯ ಮೇಳದಲ್ಲಿ ದೊಡ್ಡವರು ಮುದ್ದೆ ಮುರಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಆಗಲಿ, ಒಳ್ಳೆಯದೇ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಗಲ್ಲಿಗಳಲ್ಲಿ ವರ್ಷಾನುಗಟ್ಟಲೆ ಹಿಟ್ಟು ತಿರುವುತ್ತಿರುವ ಅಕ್ಕನ ಹೋಟೆಲ್ ಮುಂದಿನ ವರ್ಷವೂ ಅಲ್ಲೇ ಇರುತ್ತದಾ ಅಂತ ಕೇಳಿ ನೋಡಿ. ಯಾರೂ ಬಾಯಿ ಬಿಡುವುದಿಲ್ಲ.

ನಾವು ಹೇಳುವುದು ಇಷ್ಟೇ. ಮುದ್ದೆ ಹೋಟೆಲ್‌ಗೆ ಹೊಗಳಿಕೆ ಬೇಕಾಗಿಲ್ಲ. ಅದಕ್ಕೆ ಬೇಕಾಗಿರುವುದು ಊರೊಳಗೆ ಒಂದು ಗಟ್ಟಿ ಜಾಗ.

ಇಲ್ಲಿ ಉಣ್ಣುವವರು ಯಾರು ಅಂತ ಒಂದು ಸಲ ನೋಡಿ. ಸಂತೆ ದಿನ ಮೂಟೆ ಹೊರುವ ಹಮಾಲಿ, ತಾಲ್ಲೂಕು ಕಚೇರಿಗೆ ಪಹಣಿಗೆ ಬಂದ ರೈತ, ಕೋರ್ಟಿಗೆ ಬಂದ ಅಜ್ಜ, ಮಗ್ಗದ ಕೆಲಸ ಬಿಟ್ಟು ಎದ್ದು ಬಂದ ನೇಯ್ಗೆಯವರು, ಬಿಳಿಗಿರಿರಂಗನ ಬೆಟ್ಟದಿಂದ ಆಸ್ಪತ್ರೆಗೆ ಇಳಿದ ಸೋಲಿಗರು. ಸುದ್ದಿಗೆ ಇಷ್ಟು ಅಂತ ಎಣಿಸಿ ಕೊಡುವ ದುಡ್ಡಲ್ಲಿ ಬದುಕುವ ನಮ್ಮಂಥ ಸ್ಟ್ರಿಂಗರ್‌ಗಳೂ ಅದೇ ಬೆಂಚಿನವರು. ಒಂದು ಮುದ್ದೆ, ಉಪ್ಸಾರು, ತಟ್ಟೆ ಅಂಚಿಗೆ ಖಾರ, ಮೇಲೆ ಒಂದು ಲೋಟ ಮಜ್ಜಿಗೆ. ಸಂಜೆ ಬಸ್ಸು ಹತ್ತುವ ತನಕ ಹೊಟ್ಟೆ ತಡೆಯುತ್ತದೆ. ಇದೇ ಜನ ರಸ್ತೆ ಬದಿಯ ‘ಫ್ಯಾಮಿಲಿ ರೆಸ್ಟೋರೆಂಟ್’ ಒಳಗೆ ಕಾಲಿಡಲು ಹಿಂಜರಿಯುತ್ತಾರೆ. ಅಲ್ಲಿ ರೇಟು ಹೆಚ್ಚು ಅನ್ನುವುದು ಒಂದು ಕಾರಣ. ಒಳಗಿದ್ದವರು ನೋಡುವ ನೋಟ ಇನ್ನೊಂದು ಕಾರಣ.

ಹೋಟೆಲ್‌ನಲ್ಲಿ ಕೂರುವ ಜಾಗ ನಮ್ಮ ದೇಶದಲ್ಲಿ ಸಣ್ಣ ವಿಷಯ ಆಗಿರಲೇ ಇಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆ ಅಂತ ಹೆಸರು ಹಿಡಿದೇ ಹೇಳುತ್ತದೆ: ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ಇಲ್ಲಿಗೆ ಬರಬೇಡ ಅನ್ನುವಂತಿಲ್ಲ. ಇಷ್ಟು ಬಿಡಿಸಿ ಯಾಕೆ ಬರೆದರು? ಬರಬೇಡ ಅನ್ನುವವರು ಇದ್ದರು, ಅದಕ್ಕೆ. ಬೇರೆ ಲೋಟ, ಹೊರಗಿನ ಜಗಲಿ, ಮೇಲಿಂದ ಸುರಿಯುವ ನೀರು ಇವನ್ನೆಲ್ಲ ನಮ್ಮ ಹಿರಿಯರಿಗೆ ಯಾರೂ ಪುಸ್ತಕದಲ್ಲಿ ಓದಿ ಹೇಳಬೇಕಾಗಿಲ್ಲ. ಪೇಟೆಯ ಮುದ್ದೆ ಹೋಟೆಲ್ ಈ ಕಟ್ಟನ್ನು ಸದ್ದಿಲ್ಲದೆ ಸಡಿಲ ಮಾಡಿತು. ಜಾಗ ಚಿಕ್ಕದು, ಬೆಂಚು ಒಂದೇ, ಹಸಿವು ಜೋರು. ಪಕ್ಕದವನ ಕೇರಿ ಯಾವುದು ಅಂತ ಕೇಳುತ್ತ ಕೂತರೆ ಮುದ್ದೆ ಆರಿಹೋಗುತ್ತದೆ. ಎಲ್ಲ ಹೋಟೆಲೂ ಹೀಗೇ ಅಂತ ನಾವು ಸರ್ಟಿಫಿಕೇಟ್ ಕೊಡುತ್ತಿಲ್ಲ. ಬೇಧ ಮಾಡುವ ಹೋಟೆಲ್ ಇದ್ದರೆ ಅದನ್ನೂ ಬರೆಯುತ್ತೇವೆ. ಆದರೆ ಎಲ್ಲರೂ ಮೊಣಕೈ ತಾಗಿಸಿ ಉಣ್ಣುವ ಜಾಗ ಊರಲ್ಲಿ ಇನ್ನೆಷ್ಟಿದೆ, ನೀವೇ ಎಣಿಸಿ.

ಈ ಕತೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನರ ಅಡುಗೆಗೆ 1960ರ ದಶಕದಲ್ಲಿ ‘ಸೋಲ್ ಫುಡ್’ ಅನ್ನುವ ಹೆಸರು ಬಂತು. ಕೋಸಿನ ಜಾತಿಯ ಸೊಪ್ಪು ಬೇಯಿಸಿ, ಆ ಬೆಂದ ನೀರನ್ನು ಚೆಲ್ಲದೆ, ಮುಸುಕಿನ ಜೋಳದ ರೊಟ್ಟಿ ಅದ್ದಿ ತಿನ್ನುವ ಊಟ ಅದು. ಸೊಪ್ಪು ಕಾಳು ಬೇಯಿಸಿದ ನೀರಿನಲ್ಲೇ ಉಪ್ಸಾರು ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಬಡವರು ಬೆಂದ ನೀರನ್ನೂ ಬಿಡುವುದಿಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊ ಊರಲ್ಲಿ ನಾಲ್ಕು ಜನ ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಅಂತ ಇಟ್ಟಿದ್ದ ಊಟದ ಕೌಂಟರಿನಲ್ಲಿ ಕೂತು, ಏಳಲಿಲ್ಲ. ಮಾರನೇ ದಿನವೂ ಬಂದು ಕೂತರು. ಜೊತೆಗೆ ಜನ ಸೇರುತ್ತಾ ಹೋದರು. ಜುಲೈ ಹೊತ್ತಿಗೆ ಆ ಅಂಗಡಿ ಮಣಿಯಿತು. ಅವರು ಕೇಳಿದ್ದೂ ಕೂರುವ ಜಾಗವನ್ನೇ. ಅಲ್ಲಿಯ ಹಳೇ ಸೋಲ್ ಫುಡ್ ಹೋಟೆಲ್‌ಗಳನ್ನು ಇವತ್ತು ಇತಿಹಾಸದ ಭಾಗ ಅಂತ ಗೌರವಿಸುತ್ತಾರೆ. ನಮ್ಮಲ್ಲಿ ‘ಆ ಶೆಡ್ಡು’ ಅನ್ನುತ್ತೇವೆ.

ಶೆಡ್ಡಿಗೂ ಕಾನೂನು ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಏನು ಹೇಳುತ್ತದೆ ಅಂತ ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಇದ್ದವರನ್ನು ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಐದು ವರ್ಷಕ್ಕೆ ಒಂದು ಸಲವಾದರೂ ಸಮೀಕ್ಷೆ ಆಗಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಡೇಪಕ್ಷ ನೂರಕ್ಕೆ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. 50 ವರ್ಷ ದಾಟಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಅಂತ ಘೋಷಿಸಬೇಕು, ಅಲ್ಲಿಯ ವ್ಯಾಪಾರಿಗಳನ್ನು ಬೇರೆಡೆಗೆ ಕಳಿಸುವಂತಿಲ್ಲ. ಇದು ಕೊಳ್ಳೇಗಾಲ ನಗರಸಭೆಗೂ, ಹನೂರು ಮತ್ತು ಯಳಂದೂರು ಪಟ್ಟಣ ಪಂಚಾಯಿತಿಗಳಿಗೂ ಅನ್ವಯ.

‘ಸಾಲ ಕೊಟ್ಟಿದ್ದೀವಲ್ಲ’ ಅನ್ನುತ್ತಾರೆ. ಹೌದು, 2020ರಲ್ಲಿ ಪಿಎಂ ಸ್ವನಿಧಿ ಶುರುವಾದಾಗ ಮೊದಲ ಕಂತು 10,000 ರೂಪಾಯಿ. ಪಾತ್ರೆ ತರಬಹುದು, ರಾಗಿ ತರಬಹುದು. ಪಾತ್ರೆ ಇಡುವ ಜಾಗವನ್ನೇ ಕಿತ್ತುಕೊಂಡರೆ ಆ ಸಾಲ ತಲೆ ಮೇಲಿನ ಭಾರ.

‘ಗಲೀಜು’ ಅನ್ನುವುದು ಇನ್ನೊಂದು ಮಾತು. ಕೊಳೆ ಇದ್ದರೆ ಹೇಳಿ, ಕೇಳುತ್ತೇವೆ. ಆದರೆ ನಲ್ಲಿ ಕೊಡದೆ, ಚರಂಡಿ ಮುಚ್ಚದೆ, ಕಸದ ಗಾಡಿ ಕಳಿಸದೆ ಗಲೀಜು ಅನ್ನುವುದು ಯಾವ ನ್ಯಾಯ? ಮುದ್ದೆ ಕುದಿಯುವ ಎಸರಿನಲ್ಲಿ ಬೆಂದು, ಹೊಗೆಯಾಡುತ್ತಲೇ ತಟ್ಟೆಗೆ ಬೀಳುತ್ತದೆ. ಅದನ್ನು ಫ್ರಿಜ್ಜಿನಲ್ಲಿಟ್ಟು ನಾಳೆ ಬಿಸಿ ಮಾಡಿ ಕೊಡಲು ಬರುವುದಿಲ್ಲ. ಅಷ್ಟು ಧೈರ್ಯವಾಗಿ ಎಷ್ಟು ಎಸಿ ಹೋಟೆಲ್‌ನವರು ಹೇಳಬಲ್ಲರು?

ಇನ್ನು ರಸ್ತೆ ಅಗಲ ಆಗಬಾರದಾ ಅಂತ ಕೇಳುವವರಿಗೆ: ಆಗಲಿ. ಬಸ್ಸು ಓಡಾಡಬೇಕು, ಆಂಬುಲೆನ್ಸ್ ಹೋಗಬೇಕು. ಆದರೆ ಅಗಲ ಆದ ರಸ್ತೆ ಪಕ್ಕ ಹೊಸ ಮಳಿಗೆ ಕಟ್ಟಿ ಹರಾಜು ಹಾಕಿದಾಗ ಅದು ಯಾರ ಕೈಗೆ ಹೋಗುತ್ತದೆ? ಹೆಚ್ಚು ಕೂಗಿದವನಿಗೆ. ಮೊದಲು ಅಲ್ಲೇ ಹಿಟ್ಟು ತಿರುವುತ್ತಿದ್ದ ಅಕ್ಕ ಕೂಗುವಷ್ಟು ದುಡ್ಡು ಎಲ್ಲಿಂದ ತರಬೇಕು?

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತು. ಅದನ್ನು ಕೇಳಿದ್ದೇ ಭಾರತ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ ಅಂತ ಪೋಸ್ಟರ್ ಅಂಟಿಸಿದರು. ಪೋಸ್ಟರ್ ಹರಿಯಿತು, ವರ್ಷ ಮುಗಿಯಿತು. ಆ ವರ್ಷಕ್ಕೆ ಮೊದಲೂ ನಂತರವೂ ರಾಗಿಯನ್ನು ದಿನಾ ಕೂಲಿಯವರ ತಟ್ಟೆಗೆ ತಲುಪಿಸುತ್ತಿರುವುದು ಈ ಹೋಟೆಲ್‌ಗಳೇ.

ಕಡೆಗೆ ನಮ್ಮ ಊರವರಿಗೆ, ಅಂದರೆ ನಿಮಗೂ ನಮಗೂ ಒಂದು ಮಾತು. ಒಬ್ಬರೇ ಪೇಟೆಗೆ ಹೋದರೆ ಮುದ್ದೆ ಹೋಟೆಲ್, ಬೀಗರು ಜೊತೆಗಿದ್ದರೆ ಗೋಬಿ ಮಂಚೂರಿ. ಮಗಳ ಕಾಲೇಜಿನ ಗೆಳತಿಯರು ಬಂದರೆ ‘ಇಲ್ಲಿ ಬೇಡ ಕಣಮ್ಮ’ ಅಂತ ಮುಂದೆ ಕರೆದುಕೊಂಡು ಹೋಗುತ್ತೀವಿ. ನಾವೇ ನಾಚಿಕೊಳ್ಳುವ ಬಾಗಿಲನ್ನು ಅಧಿಕಾರಿ ಯಾಕೆ ಕಾಯುತ್ತಾನೆ? ಬೀಗರನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ. ಮಕ್ಕಳನ್ನೂ ಅದೇ ಬೆಂಚಿನಲ್ಲಿ ಕೂರಿಸಿ.

ಕೇಳಬೇಕಾದ್ದು ಮೂರು. ಒಂದು, ಮೂರೂ ಪಟ್ಟಣಗಳಲ್ಲಿ ಬೀದಿ ವ್ಯಾಪಾರಿಗಳ ಸಮೀಕ್ಷೆಯ ಪಟ್ಟಿಯನ್ನು ಕಚೇರಿ ಗೋಡೆಗೆ ಅಂಟಿಸಲಿ, ಮುದ್ದೆ ಹೋಟೆಲ್‌ನವರ ಹೆಸರು ಅದರಲ್ಲಿದೆಯಾ ನೋಡೋಣ. ಎರಡು, ಬಸ್ ನಿಲ್ದಾಣ, ಸಂತೆ ಮೈದಾನ, ತಾಲ್ಲೂಕು ಆಸ್ಪತ್ರೆ ಹತ್ತಿರ ಹೊಸ ಮಳಿಗೆ ಕಟ್ಟಿದರೆ ಒಂದನ್ನಾದರೂ ಹರಾಜಿನಿಂದ ಹೊರಗಿಟ್ಟು, ನಿಗದಿ ಬಾಡಿಗೆಗೆ ಹಳೇ ಮುದ್ದೆ ಹೋಟೆಲ್‌ಗೆ ಕೊಡಲಿ. ಮೂರು, ನಲ್ಲಿ ಮತ್ತು ಚರಂಡಿ. ವಾರ್ಡಿನ ಸದಸ್ಯರು ಓಟು ಕೇಳಲು ಬಂದಾಗ ಈ ಮೂರನ್ನೂ ಮುಂದಿಡಿ. ಮಾಹಿತಿ ಹಕ್ಕಿನ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ಪಟ್ಟಿ ಕೇಳಿ ನಾವು ಹಾಕುತ್ತೇವೆ, ನಿಮ್ಮೂರಿಂದ ನೀವೂ ಹಾಕಿ.