ನಂಬಿ ಹೇಳಿದ ಮಾತು ಯಾರ ಸ್ವತ್ತು?

ಕಾನೂನು ಓದುತ್ತಿರುವ ನನ್ನ ತಂಗಿಯ ಮಗಳು ಕಳೆದ ರಜೆಯಲ್ಲಿ ಮನೆಗೆ ಬಂದಿದ್ದಾಗ ನನಗೊಂದು ಇಂಗ್ಲಿಷ್ ಚಿತ್ರ ತೋರಿಸಿದಳು. ‘ರೋಮನ್ ಜೆ. ಇಸ್ರೇಲ್, ಎಸ್ಕ್ವೈರ್’ ಎಂದು ಅದರ ಹೆಸರು. 2017ರಲ್ಲಿ ಬಿಡುಗಡೆಯಾದ ಈ ಚಿತ್ರವನ್ನು ಬರೆದು ನಿರ್ದೇಶಿಸಿದವರು ಡ್ಯಾನ್ ಗಿಲ್ರಾಯ್. ಲಾಸ್ ಏಂಜಲೀಸ್ ನಗರದ ಆದರ್ಶವಾದಿ ವಕೀಲನಾಗಿ ಡೆಂಜಲ್ ವಾಷಿಂಗ್ಟನ್ ನಟಿಸಿದ್ದಾರೆ; ಆ ಅಭಿನಯಕ್ಕೆ ಆಸ್ಕರ್ ನಾಮನಿರ್ದೇಶನವೂ ದೊರಕಿತ್ತು. ಚಿತ್ರ ಮುಗಿದ ಮೇಲೆ ಅವಳು ಕೇಳಿದಳು: “ದೊಡ್ಡಮ್ಮ, ಆ ಮನುಷ್ಯ ಮಾಡಿದ್ದು ಅಷ್ಟು ದೊಡ್ಡ ತಪ್ಪಾ? ಕೊಲೆ ಮಾಡಿದವನು ಸಿಕ್ಕಿಬಿದ್ದ. ಇವನಿಗೂ ಜೀವಮಾನದಲ್ಲಿ ಒಂದು ಸಲ ನಾಲ್ಕು ಕಾಸು ಸಿಕ್ಕಿತು. ಇದರಲ್ಲಿ ಯಾರಿಗೆ ನಷ್ಟ ಆಯ್ತು?”

ಆ ರಾತ್ರಿ ನಾನು ಸರಿಯಾದ ಉತ್ತರ ಕೊಡಲಿಲ್ಲ. ನಿದ್ದೆ ಬರುತ್ತಿದೆ ಎಂದು ಎದ್ದುಹೋದೆ. ನಿಜವೆಂದರೆ ಆ ಪ್ರಶ್ನೆ ನನ್ನದೇ ಒಂದು ಹಳೆಯ ತಪ್ಪಿಗೆ ತಾಗಿತ್ತು. ಅದನ್ನು ಹೇಳುವ ಮೊದಲು ಚಿತ್ರದ ಕಥೆಯನ್ನು ಹೇಳಬೇಕು.

ರೋಮನ್ ಎಂಬ ಈ ವಕೀಲ ಇಬ್ಬರೇ ಇರುವ ಸಣ್ಣ ಕಚೇರಿಯೊಂದರ ಹಿಂದಿನ ಕೋಣೆಯಲ್ಲಿ ಕುಳಿತು ವರ್ಷಗಟ್ಟಲೆ ದುಡಿದವನು. ಬಡವರ ಮೊಕದ್ದಮೆಗಳು, ವಾರಕ್ಕೆ ಐನೂರು ಡಾಲರ್ ಸಂಬಳ. ಕಾನೂನಿನ ಕಲಮುಗಳೆಲ್ಲ ಬಾಯಿಪಾಠ. ಆದರೆ ಜನರೊಂದಿಗೆ ಮಾತಾಡುವ ಜಾಣತನ ಇಲ್ಲ. ನ್ಯಾಯಾಲಯಕ್ಕೆ ಹೋಗಿ ವಾದಿಸುವ ಕೆಲಸ ಹಿರಿಯ ಪಾಲುದಾರ ಜಾಕ್ಸನ್‌ನದು. ಅವನಿಗೆ ಹೃದಯಾಘಾತವಾದಾಗ ರೋಮನ್ ಹೊರಗೆ ಬರಲೇಬೇಕಾಗುತ್ತದೆ. ಮುಂದಿನ ದಿನಾಂಕ ಕೇಳಿಕೊಂಡು ಬಾ ಎಂದು ಕಳಿಸಿದರೆ ನ್ಯಾಯಾಧೀಶರೊಡನೆಯೇ ವಾದಕ್ಕೆ ನಿಂತು ನ್ಯಾಯಾಲಯ ನಿಂದನೆಗೆ ಗುರಿಯಾಗುತ್ತಾನೆ. ಕಚೇರಿ ಸಾಲದಲ್ಲಿ ಮುಚ್ಚಿಹೋಗುತ್ತದೆ. ಹೋರಾಟದ ಸಂಘಟನೆಯೊಂದರಲ್ಲಿ ಸಂಬಳದ ಕೆಲಸ ಕೇಳಿದರೆ ಸಿಗುವುದಿಲ್ಲ. ಕೊನೆಗೆ ಜಾಕ್ಸನ್‌ನ ಹಳೆಯ ವಿದ್ಯಾರ್ಥಿ, ಈಗ ಹಣವಂತ ವಕೀಲ, ಜಾರ್ಜ್ ಪಿಯರ್ಸ್‌ನ ಸಂಸ್ಥೆಗೆ ಒಲ್ಲದ ಮನಸ್ಸಿನಿಂದ ಸೇರುತ್ತಾನೆ.

ಅಲ್ಲಿಯ ಹಿರಿಯ ವಕೀಲನೊಬ್ಬ ಗಂಡನಿಂದ ಹೊಡೆತ ತಿನ್ನುವ ಹೆಂಗಸರ ಬಗ್ಗೆ ಒಂದು ಕೀಳು ಹಾಸ್ಯ ಮಾಡುತ್ತಾನೆ. ರೋಮನ್ ಅದನ್ನು ನುಂಗಿಕೊಳ್ಳದೆ ಜಗಳಕ್ಕೆ ನಿಲ್ಲುತ್ತಾನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೈಯಲ್ಲಿ ಬೇರೆ ಅನ್ನವಿಲ್ಲದಾಗ, ಹೀಗೆ ನಿಲ್ಲುವುದು ಸಣ್ಣ ಮಾತಲ್ಲ. ನಮ್ಮ ಸ್ಟಾಫ್ ರೂಮುಗಳಲ್ಲಿ ಇಂಥ ಹಾಸ್ಯಗಳನ್ನು ನಾವೆಷ್ಟು ಸಲ ಕೇಳಿಯೂ ಕೇಳದವರಂತೆ ಉತ್ತರಪತ್ರಿಕೆ ತಿದ್ದುತ್ತ ಕುಳಿತಿಲ್ಲ? ಇನ್ನೊಂದು ಕಡೆ ಯುವ ಹೋರಾಟಗಾರರ ಸಭೆ. ಹೆಣ್ಣುಮಕ್ಕಳು ನಿಂತಿದ್ದಾರೆ, ಗಂಡಸರು ಕುಳಿತಿದ್ದಾರೆ. ಎದ್ದು ಜಾಗ ಕೊಡಿ ಎಂದು ರೋಮನ್ ಹೇಳುತ್ತಾನೆ. ಇದು ಗಂಡಾಳಿಕೆಯ ಮಾತು, ನಿಮ್ಮ ದಾಕ್ಷಿಣ್ಯ ನಮಗೆ ಬೇಡ ಎಂದು ಆ ಹೆಣ್ಣುಮಕ್ಕಳೇ ಅವನ ಮೇಲೆ ತಿರುಗಿಬೀಳುತ್ತಾರೆ. ಅವನಿಗೆ ಪೆಟ್ಟಾಗುತ್ತದೆ. ನನಗೆ ಇಬ್ಬರ ಮೇಲೂ ಪ್ರೀತಿ ಬಂತು. ಕಾಲ ಮುಂದೆ ಹೋಗಿದೆ, ಅವನು ತನ್ನ ಕೋಣೆಯಲ್ಲೇ ಉಳಿದಿದ್ದಾನೆ. ಆದರೆ ಹೊಡೆತ ತಿಂದವಳನ್ನು ನೋಡಿ ನಗಬಾರದು ಎಂಬುದನ್ನು ಯಾವ ಕಾಲವೂ ಅವನಿಗೆ ಕಲಿಸಬೇಕಾಗಿಲ್ಲ.

ರೋಮನ್‌ನ ಬಳಿ ಸದಾ ಒಂದು ಭಾರವಾದ ಚೀಲ. ಅದರಲ್ಲಿ ಸಾವಿರಾರು ಪುಟಗಳ ಒಂದು ದಾವೆಯ ಕರಡು. ಅಮೆರಿಕದ ‘ಪ್ಲೀ ಬಾರ್ಗೈನಿಂಗ್’ ಪದ್ಧತಿಯ ವಿರುದ್ಧ ಅವನು ವರ್ಷಗಳಿಂದ ಬರೆಯುತ್ತ ಬಂದದ್ದು. ತಪ್ಪೊಪ್ಪಿಕೋ, ಶಿಕ್ಷೆ ಕಡಿಮೆ ಮಾಡುತ್ತೇವೆ ಎಂದು ಸರ್ಕಾರಿ ವಕೀಲರು ಆರೋಪಿಯೊಂದಿಗೆ ಮಾಡುವ ಚೌಕಾಸಿ ಅದು. ಅಲ್ಲಿಯ ಸುಪ್ರೀಂ ಕೋರ್ಟು 2012ರ ಒಂದು ತೀರ್ಪಿನಲ್ಲಿ ಹೇಳಿದಂತೆ, ಫೆಡರಲ್ ನ್ಯಾಯಾಲಯಗಳಲ್ಲಿ ಶಿಕ್ಷೆಯಾದ ಪ್ರಕರಣಗಳಲ್ಲಿ 97 ಪಾಲು, ರಾಜ್ಯಗಳಲ್ಲಿ 94 ಪಾಲು ತಪ್ಪೊಪ್ಪಿಗೆಯಿಂದಲೇ ಮುಗಿದವು. ಅಂದರೆ ನಾವು ಸಿನಿಮಾಗಳಲ್ಲಿ ನೋಡುವ ವಿಚಾರಣೆ, ಸಾಕ್ಷಿ, ಪಾಟೀಸವಾಲು ಇವೆಲ್ಲ ನೂರರಲ್ಲಿ ನಾಲ್ಕಾರು ಜನರ ಪಾಲಿಗೆ ಮಾತ್ರ.

ಒಪ್ಪದಿದ್ದರೆ ಏನಾಗುತ್ತದೆ? ಕೆಂಟಕಿ ರಾಜ್ಯದ ಪಾಲ್ ಹೇಯ್ಸ್ ಎಂಬಾತನ ಪ್ರಕರಣ ಪ್ರಸಿದ್ಧವಾದದ್ದು. 88 ಡಾಲರ್ 30 ಸೆಂಟಿನ ಖೋಟಾ ಚೆಕ್ಕಿನ ಆರೋಪ. ಒಪ್ಪಿಕೊಂಡರೆ ಐದು ವರ್ಷ, ಇಲ್ಲವಾದರೆ ಹಳೆಯ ಅಪರಾಧಗಳನ್ನೆಲ್ಲ ಸೇರಿಸಿ ರೂಢಿಗತ ಅಪರಾಧಿ ಎಂದು ಮೊಕದ್ದಮೆ ಹಾಕುತ್ತೇವೆ ಎಂದರು. ಅವನು ಒಪ್ಪಲಿಲ್ಲ, ಜೀವಾವಧಿ ಶಿಕ್ಷೆಯಾಯಿತು. 1978ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಇದನ್ನು ಎತ್ತಿಹಿಡಿಯಿತು. ವಿಚಾರಣೆ ಕೇಳುವ ಹಕ್ಕು ಇದೆ, ಆದರೆ ಅದನ್ನು ಕೇಳಿದ್ದಕ್ಕೇ ದಂಡ ತೆರಬೇಕು. ಇದನ್ನು ರಾಜಿ ಎನ್ನಬೇಕೋ ಬೆದರಿಕೆ ಎನ್ನಬೇಕೋ ಓದುಗರೇ ಹೇಳಲಿ.

ಈಗ ರೋಮನ್‌ನ ಪತನ. ಅಂಗಡಿಯೊಂದರಲ್ಲಿ ನಡೆದ ಕೊಲೆಯಲ್ಲಿ ಡೆರೆಲ್ ಎಂಬ ಎಳೆಯ ಹುಡುಗ ಸೆರೆಯಾಗಿದ್ದಾನೆ. ಗುಂಡು ಹೊಡೆದವನು ಅವನಲ್ಲ. ಹೊಡೆದವನು ಎಲ್ಲಿ ಅಡಗಿದ್ದಾನೆ ಎಂಬುದನ್ನು ಅವನು ತನ್ನ ವಕೀಲನಾದ ರೋಮನ್‌ಗೆ ನಂಬಿ ಹೇಳುತ್ತಾನೆ. ರೋಮನ್ ಸಂಸ್ಥೆಯ ಯಜಮಾನನನ್ನು ಕೇಳದೆ ತಾನೇ ಸರ್ಕಾರಿ ವಕೀಲೆಯೊಂದಿಗೆ ಫೋನಿನಲ್ಲಿ ಚೌಕಾಸಿಗೆ ಇಳಿಯುತ್ತಾನೆ, ಸಿಟ್ಟಿಗೆದ್ದು ಹೀನಾಯವಾಗಿ ಮಾತಾಡುತ್ತಾನೆ, ಆಕೆ ಫೋನ್ ಇಡುತ್ತಾಳೆ. ಇತ್ತ ಬಾಯಿಬಿಡುವವನೆಂದು ಸುದ್ದಿಯಾಗಿ ಹುಡುಗ ಜೈಲಿನಲ್ಲೇ ಕೊಲೆಯಾಗುತ್ತಾನೆ. ಎಲ್ಲ ಕಡೆ ಸೋತು, ಬೀದಿಯಲ್ಲಿ ತಾನು ನೆರವಾಗಲು ಹೋದವನಿಂದಲೇ ಪೆಟ್ಟು ತಿಂದು, ದಣಿದ ರೋಮನ್ ಸತ್ತ ಹುಡುಗ ಹೇಳಿದ ಗುಟ್ಟನ್ನು ಹೆಸರು ಹೇಳದೆ ಒಪ್ಪಿಸಿ ಒಂದು ಲಕ್ಷ ಡಾಲರ್ ಬಹುಮಾನ ಪಡೆಯುತ್ತಾನೆ. ಹೊಸ ಸೂಟು, ಹೊಸ ಮನೆ, ಸಮುದ್ರ ದಂಡೆಯಲ್ಲಿ ತಿಂಡಿ. ಸಿಕ್ಕಿಬಿದ್ದ ಕೊಲೆಗಾರ ಅದೇ ಸಂಸ್ಥೆಯ ಕಕ್ಷಿದಾರನಾಗಿ ಬಂದು, ರೋಮನ್‌ನೇ ಅವನ ಎದುರು ಕೂರಬೇಕಾದಾಗ ಕಾಲಡಿಯ ನೆಲ ಕುಸಿಯುತ್ತದೆ. ದುಡ್ಡು ಪಡೆದವನು ನೀನೇ ಎಂದು ಅವನಿಗೆ ಗೊತ್ತಿದೆ.

ಆದರ್ಶವಾದಿ ಹಣಕ್ಕೆ ಸೋತ ಎಂದು ಈ ಚಿತ್ರವನ್ನು ಸುಲಭವಾಗಿ ಓದಿಬಿಡಬಹುದು. ನನಗೆ ಹಾಗನಿಸುವುದಿಲ್ಲ. ಅಷ್ಟು ವರ್ಷ ಅವನ ಕೈ ಶುದ್ಧವಾಗಿದ್ದದ್ದು ಬೇರೊಬ್ಬನು ನ್ಯಾಯಾಲಯದ ಕೆಸರಿಗೆ ಇಳಿಯುತ್ತಿದ್ದ ಕಾರಣದಿಂದ. ಕಕ್ಷಿದಾರರು ಅವನಿಗೆ ಕಾಗದದ ಮೇಲಿನ ಹೆಸರುಗಳಾಗಿದ್ದರು. ಹುಡುಗ ಎದುರಿಗೆ ಬಂದಾಗಲೂ ಅವನ ಜೀವಕ್ಕಿಂತ ತನ್ನ ಸಿಟ್ಟು ದೊಡ್ಡದಾಯಿತು. ಹಣ ಎರಡನೆಯ ತಪ್ಪು. ಮೊದಲ ತಪ್ಪು, ಡೆರೆಲ್‌ನ ಮಾತು ಡೆರೆಲ್‌ನದು ಎಂಬುದನ್ನು ಮರೆತದ್ದು. ಮೊದಲು ಆ ಮಾತನ್ನು ತನ್ನ ಹೋರಾಟಕ್ಕೆ ಬಳಸಿದ, ಆಮೇಲೆ ಸುಖಕ್ಕೆ ಬಳಸಿದ.

ಸತ್ತವನ ಗುಟ್ಟಿನಿಂದ ಯಾರಿಗೆ ನಷ್ಟ? ಈ ಪ್ರಶ್ನೆಯೂ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಕಕ್ಷಿದಾರ ಸತ್ತ ಮೇಲೂ ವಕೀಲನ ಬಳಿ ಆಡಿದ ಮಾತಿನ ರಕ್ಷಣೆ ಉಳಿಯುತ್ತದೆ ಎಂದು 1998ರಲ್ಲಿ ಅದು ತೀರ್ಪಿತ್ತಿತು. ಕಾರಣ ಸರಳವಾದದ್ದು. ತಾನು ಸತ್ತ ಮೇಲೆ ಮಾತು ಹೊರಬೀಳುತ್ತದೆ ಎಂದು ಗೊತ್ತಿದ್ದರೆ ಬದುಕಿರುವವರು ಬಾಯಿಬಿಡುವುದಿಲ್ಲ. ನಮ್ಮಲ್ಲೂ ವಕೀಲರನ್ನು ಈ ನಿಯಮ ಕಟ್ಟಿಹಾಕಿದೆ; 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಮು ಇಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಾಗಿದೆ. ಆದರೆ ಮೇಷ್ಟ್ರಿಗೆ, ನೆರೆಮನೆಯವಳಿಗೆ, ಸಂಘದ ಕಾರ್ಯಕರ್ತೆಗೆ ಇಂಥ ಕಲಮು ಯಾವುದೂ ಇಲ್ಲ. ಮನಸ್ಸಾಕ್ಷಿಯೊಂದೇ ಇದೆ.

ಈಗ ನನ್ನ ವಿಷಯ. 1992ರಲ್ಲಿ ನಾನು ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಎರಡನೇ ವರ್ಷದ ಬಿ.ಎ. ಓದುತ್ತಿದ್ದ, ಮದುವೆಯಾಗಿ ವರ್ಷ ತುಂಬಿರದ ಹುಡುಗಿಯೊಬ್ಬಳು ತರಗತಿ ಮುಗಿದ ಮೇಲೆ ಉಳಿದುಕೊಂಡು ರವಿಕೆಯ ತೋಳು ಸರಿಸಿ ತೋರಿಸಿದಳು. ಬಾಸುಂಡೆಗಳು. ಸ್ಕೂಟರಿನ ಬಾಕಿ ಎಂದಳು. “ಯಾರಿಗೂ ಹೇಳಬೇಡಿ ಮೇಡಂ. ಪರೀಕ್ಷೆ ಒಂದು ಮುಗೀಲಿ, ಆಮೇಲೆ ಸೋದರತ್ತೆ ಮನೆಗೆ ಹೋಗ್ತೀನಿ. ಅವರಿಗೆ ಹೇಳಿದೀನಿ.” ನಾನು ಹೂಂ ಎಂದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಅವಳ ತಂದೆಯ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಆತ ಕೈಮುಗಿದು, ನಮ್ಮ ಮನೆ ಮರ್ಯಾದೆ ಉಳಿಸಿದಿರಿ ತಾಯಿ ಎಂದರು. ಆ ಭಾನುವಾರ ನಾಲ್ಕು ಹಿರಿಯರು ಕೂತು ರಾಜಿ ಮಾಡಿದರು. ಸ್ಕೂಟರಿನ ಬಾಕಿ ತೀರಿಸುವುದು, ಹುಡುಗಿ ಕಾಲೇಜು ಬಿಡುವುದು. ಮನೆ ಮಾತನ್ನು ಹೊರಗೆ ಆಡುವವಳನ್ನು ಹೊರಗೆ ಕಳಿಸಲಾಗದು ಎಂದು ಗಂಡಿನ ಕಡೆಯವರು ಹಟ ಹಿಡಿದಿದ್ದರಂತೆ. ಪರೀಕ್ಷೆಯ ದಿನ ನಾನೇ ಕೋಣೆಯ ಮೇಲ್ವಿಚಾರಕಿ. ಅವಳ ನಂಬರಿನ ಮುಂದೆ ಗೈರುಹಾಜರು ಎಂದು ಕೆಂಪು ಶಾಯಿಯಲ್ಲಿ ಬರೆದದ್ದು ನನ್ನ ಕೈಯೇ. ಅವಳನ್ನು ಮತ್ತೆ ನಾನು ನೋಡಲಿಲ್ಲ.

ನಾನು ಲಕ್ಷ ಡಾಲರ್ ಪಡೆಯಲಿಲ್ಲ. ಊರಿನಲ್ಲಿ ಒಳ್ಳೆಯ ಮೇಡಂ ಎಂಬ ಹೆಸರು ಬಂತು, ನನಗೆ ನಿದ್ದೆ ಬಂತು. ಅದೂ ಬಹುಮಾನವೇ. ಅವಳಿಗೆ ತನ್ನದೇ ಆದ ಒಂದು ದಾರಿ ಇತ್ತು, ದಿನಾಂಕವೂ ಗೊತ್ತಾಗಿತ್ತು. ನನ್ನ ಸಂಕಟ ತಡೆಯಲಾರದೆ ನಾನು ಅದನ್ನು ಮುಚ್ಚಿಸಿದೆ. ಹಾಗೆಂದು ಎಲ್ಲ ಗುಟ್ಟನ್ನೂ ಕಾಯಬೇಕೆಂದು ನಾನು ಹೇಳುತ್ತಿಲ್ಲ. ಸೀಮೆಎಣ್ಣೆಯ ಡಬ್ಬ ಹತ್ತಿರ ಬಂದಿದ್ದರೆ ಬಾಗಿಲು ಮುರಿಯಲೇಬೇಕು. ಜೀವ ಉಳಿಸುವುದು ಮೊದಲು. ಆಗಲೂ ಅವಳಿಗೆ ಹೇಳಿ, ಅವಳನ್ನು ಜೊತೆಗಿಟ್ಟುಕೊಂಡು ಮುರಿಯಬೇಕು. ಅವಳನ್ನು ಕೇಳದೆ ಅವಳ ಪರವಾಗಿ ನಾವು ಮಾಡುವ ರಾಜಿ, ಒಳ್ಳೆಯ ಮನಸ್ಸಿನದಾದರೂ, ಅವಳ ವಿರುದ್ಧದ ರಾಜಿ.

ನಮ್ಮ ದೇಶದ ಕಾನೂನಿಗೂ ಈ ಚೌಕಾಸಿ ಬಂದಿದೆ. 2005ರ ತಿದ್ದುಪಡಿಯ ಮೂಲಕ ಬಂದ ಪ್ಲೀ ಬಾರ್ಗೈನಿಂಗ್ 2006ರಲ್ಲಿ ಜಾರಿಯಾಯಿತು. ಮಹಿಳೆಯರ ಮೇಲಿನ ಅಪರಾಧಗಳನ್ನು ಅದರಿಂದ ಹೊರಗಿಟ್ಟರು. ವರದಕ್ಷಿಣೆ ನಿಷೇಧ ಕಾಯ್ದೆಯನ್ನೂ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯನ್ನೂ ಹೊರಗಿಡುವ ಪಟ್ಟಿಗೆ ಸೇರಿಸಿದರು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಮಹಿಳೆಯರ ಮೇಲಿನ ಅಪರಾಧಗಳನ್ನು ಹೊರಗೇ ಇಟ್ಟಿದೆ. ಕಾಗದದ ಮೇಲೆ ಈ ಬಾಗಿಲು ಮುಚ್ಚಿದೆ. ಆದರೆ ಕೋರ್ಟಿನ ಮೊಗಸಾಲೆಯ ಬಾಗಿಲು ತೆರೆದೇ ಇದೆ. ವರದಕ್ಷಿಣೆಗೆ ಸಂಬಂಧಿಸಿದ ವೈವಾಹಿಕ ಪ್ರಕರಣಗಳಲ್ಲಿ ಇಬ್ಬರೂ ರಾಜಿಯಾದರೆ ಹೈಕೋರ್ಟು ಮೊಕದ್ದಮೆ ರದ್ದುಪಡಿಸಬಹುದು ಎಂದು ನಮ್ಮ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಹೆಣ್ಣೇ ಬೇಕೆಂದು ಕೇಳಿದ ರಾಜಿ ಅವಳ ಹಕ್ಕು. ವರ್ಷಗಟ್ಟಲೆ ಅಲೆದಾಟ ಸಾಕಾಗಿ, ತನ್ನ ಒಡವೆ ವಾಪಸು ಪಡೆದು ಹೊಸ ಬದುಕು ಕಟ್ಟಲು ಹೊರಟವಳನ್ನು ಹಳಿಯುವ ಅಧಿಕಾರ ನಮಗಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ. ಸಹಿ ಮಾಡುವ ಮೊದಲು ಯಾರಾದರೂ ಅವಳೊಬ್ಬಳನ್ನೇ ಕೂರಿಸಿಕೊಂಡು, ನಿನಗೇನು ಬೇಕಮ್ಮ ಎಂದು ಕೇಳಿದರೇ?

ಚಿತ್ರದ ಕೊನೆ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ರೋಮನ್ ಉಳಿದ ಹಣ ಹಿಂದಿರುಗಿಸುತ್ತಾನೆ, ತನ್ನ ವಿರುದ್ಧ ತಾನೇ ವಾದಿಸಿ ತಾನೇ ಅಪರಾಧಿ ಎಂದು ತೀರ್ಮಾನಿಸುತ್ತಾನೆ. ಪೊಲೀಸರಿಗೆ ಶರಣಾಗಲು ಹೊರಟಾಗ ಕೊಲೆಗಾರನ ಕಡೆಯವನೊಬ್ಬ ಅವನನ್ನು ಬೀದಿಯಲ್ಲಿ ಗುಂಡಿಟ್ಟು ಕೊಲ್ಲುತ್ತಾನೆ. ಅವನ ದಾವೆಯನ್ನು ಪಿಯರ್ಸ್ ಫೆಡರಲ್ ನ್ಯಾಯಾಲಯಕ್ಕೆ ಸಲ್ಲಿಸುತ್ತಾನೆ. ಹುತಾತ್ಮನ ಸಾವು ಅವನ ಲೆಕ್ಕವನ್ನು ಬಹಳ ಬೇಗ ಚುಕ್ತಾ ಮಾಡಿಬಿಡುತ್ತದೆ. ಡೆರೆಲ್ ಪರದೆಯ ಮೇಲೆ ಇರುವುದೇ ಕೆಲವು ನಿಮಿಷ; ಅವನ ಲೆಕ್ಕ ಯಾರೂ ತೆಗೆಯುವುದಿಲ್ಲ. ನಮ್ಮಂಥ ಸಾಮಾನ್ಯರಿಗೆ ಇಂಥ ಸಾವು ಬರುವುದಿಲ್ಲ. ನಾವು ನಿವೃತ್ತರಾಗುತ್ತೇವೆ, ಶಾಲು ಹೊದಿಸಿಕೊಳ್ಳುತ್ತೇವೆ, ಪಿಂಚಣಿ ತೆಗೆದುಕೊಳ್ಳುತ್ತೇವೆ.

ಮಗೂ, ನೀನು ನಾಳೆ ಕರಿಕೋಟು ಹಾಕುವವಳು. ಯಾರಿಗೆ ನಷ್ಟ ಎಂದು ಕೇಳಿದೆಯಲ್ಲ, ಆ ಹುಡುಗನಿಗೆ, ಆ ಹುಡುಗಿಗೆ. ಅವರಾದ ಮೇಲೆ ಬಾಯಿಬಿಡಲು ಹೆದರಿ ಸುಮ್ಮನಾಗುವ ಎಲ್ಲರಿಗೆ. ನಿನ್ನ ಮೇಜಿನ ಎದುರು ಕೂತು ಒಬ್ಬಳು ತೋಳು ಸರಿಸಿ ತೋರಿಸಿದ ದಿನ, ನಿನ್ನ ಸಿಟ್ಟು, ನಿನ್ನ ಹೋರಾಟ, ನಿನ್ನ ನಿದ್ದೆ ಎಲ್ಲವನ್ನೂ ಬದಿಗಿಟ್ಟು ಮೊದಲು ಅವಳನ್ನು ಕೇಳು. ನಾನು ಕೇಳಲಿಲ್ಲ.