ಬ್ರೌಸರ್ ಯಾವುದೆಂದು ಕೇಳಿದರೆ

ಕುಬಟೂರಿನಂಥ ಊರಲ್ಲಿ ‘ಮೊಬೈಲಲ್ಲಿ ಬ್ರೌಸರ್ ಯಾವುದು?’ ಎಂದು ನಮ್ಮನ್ನು ಕೇಳಿದರೆ ಹೆಚ್ಚಿನವರು ‘ಗೂಗಲ್’ ಅಂತೇವೆ. ಗೂಗಲ್ ಹುಡುಕುವ ತಾಣ. ಅದನ್ನು ತೆರೆದು ತೋರಿಸೋದು ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರ್. ಅದೂ ನಾವು ಆರಿಸಿದ್ದಲ್ಲ, ಫೋನಿನ ಜೊತೆಗೇ ಬಂದದ್ದು. ಕ್ರೋಮ್ ಸೇರಿ ತನ್ನ ಆ್ಯಪ್‌ಗಳನ್ನು ಫೋನ್ ಕಂಪನಿಗಳ ಮೇಲೆ ಹೇರಿದ್ದೂ ಒಂದು ಕಾರಣವಾಗಿ, 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು.

ಇದರಿಂದ ನಮಗೇನು? ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಸೈಬರ್ ಅಂಗಡಿಗೆ ಹೋದಾಗ ‘ಪಾಸ್‌ವರ್ಡ್ ಸೇವ್ ಮಾಡಲೇ?’ ಅಂತ ಕೇಳೋದು ಸರಕಾರದ ತಾಣವಲ್ಲ, ಅಂಗಡಿಯ ಬ್ರೌಸರ್. ‘ಹೌದು’ ಒತ್ತಿದರೆ ಪಾಸ್‌ವರ್ಡ್ ಅಲ್ಲೇ ಉಳಿಯುತ್ತೆ. ಮುಂದೆ ಕೂತವರೂ ಆ ಅರ್ಜಿ ತೆರೆಯಬಹುದು. ಅಲ್ಲಿ ‘ಬೇಡ’ ಒತ್ತಿ, ಲಾಗೌಟ್ ಮಾಡಿಯೇ ಏಳೋಣ. ಇದನ್ನು ಮಕ್ಕಳಿಗೂ ಇವತ್ತೇ ತೋರಿಸಿಕೊಡೋಣ.